ಹಸಿ ಸಿಪ್ಪೆಯಿಂದ ಹುರಿ: ನನ್ನ ಅನುಭವ

ತೆಂಗಿನ ನಾರು ಅಂದ ಕೂಡಲೇ ಎಲ್ಲರೂ ಕೇರಳದ ಆಲಪ್ಪುಳದ ಹೆಸರು ಹೇಳುತ್ತಾರೆ. ಸರಿಯೇ, 1859ರಲ್ಲೇ ಅಲ್ಲಿ ನಾರಿನ ಕಾರ್ಖಾನೆ ಶುರುವಾಗಿತ್ತು. ನಮ್ಮ ಕುಮಟಾ ಕಡೆ ಇದು ಜಗಲಿ ಮೇಲಿನ ಕೆಲಸ. ಊಟ ಆದ ಮೇಲೆ ಹೆಂಗಸರು ಕೂತು ಹುರಿ ಹೊಸೆದು ದೋಣಿಯವರಿಗೆ, ತೋಟದವರಿಗೆ ಮಾರುತ್ತಿದ್ದರು. ನೈಲಾನ್ ಬಂತು, ದೋಣಿಯವರು ಬಿಟ್ಟರು. ನಾನು ಅತ್ತೆಯಿಂದ ಕಲಿತದ್ದು, ಈಗಲೂ ಮಾಡುತ್ತೇನೆ.

ಸಿಪ್ಪೆ ಹಸಿಯದ್ದೇ ಬೇಕು. ಕಾಯಿ ಬಲಿತಿರಬೇಕು, ಒಣಗಿರಬಾರದು. ಒಣ ಸಿಪ್ಪೆಯ ಕಂದು ನಾರು ಬೇರೆ, ತುಮಕೂರು, ಹಾಸನದ ಕಡೆ ಮಿಲ್ಲಲ್ಲಿ ತೆಗೆಯುತ್ತಾರಲ್ಲ, ಅದು. ಹಾಸಿಗೆಗೆ, ಬ್ರಷ್‌ಗೆ ಒಳ್ಳೆಯದು, ಆದರೆ ಅಂಗೈಯಲ್ಲಿ ಹೊಸೆಯಲು ಹೋದರೆ ಚರ್ಮ ಕಿತ್ತು ಬರುತ್ತದೆ.

ಸಿಪ್ಪೆಯನ್ನು ಹಳೆ ಬಲೆಯಲ್ಲಿ ಕಟ್ಟಿ ಅಘನಾಶಿನಿ ಅಳಿವೆಯ ಬದಿಯ ಕೆಸರಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರುತ್ತೇನೆ. ಆರರಿಂದ ಹತ್ತು ತಿಂಗಳು ಬೇಕು. ಉಬ್ಬರ ಇಳಿತಕ್ಕೆ ನೀರು ಬದಲಾಗುತ್ತಿರಬೇಕು, ನಿಂತ ನೀರಲ್ಲಿ ನಾರು ಕಪ್ಪಾಗುತ್ತದೆ. ನಾರುಗಳನ್ನು ಹಿಡಿದಿಟ್ಟ ಅಂಟನ್ನು ಸೂಕ್ಷ್ಮಜೀವಿಗಳು ನಿಧಾನಕ್ಕೆ ತಿಂದು ಹಾಕುತ್ತವೆ. ನಾತ ಮಾತ್ರ ಕೇಳಬೇಡಿ! ಬೆಳಚು (ತಿನ್ನುವ ಚಿಪ್ಪುಮೀನು) ಹೆಕ್ಕುವ ಜಾಗದಲ್ಲಿ ದಯವಿಟ್ಟು ಹಾಕಬೇಡಿ, ಸಿಪ್ಪೆ ಕೊಳೆಯುವ ನೀರಲ್ಲಿ ಅವು ಉಳಿಯುವುದಿಲ್ಲ, ಅದೂ ಒಬ್ಬರ ಅನ್ನ ಅಲ್ವಾ.

ಮೇಲೆತ್ತಿ ತೊಳೆದು, ಹೊರಗಿನ ತೊಗಟೆ ಸುಲಿದು, ಮರದ ದಿಮ್ಮಿ ಮೇಲೆ ಕೊಡತಿಯಿಂದ ಬಡಿಯಬೇಕು. ಹುಡಿ ಉದುರಿ ಬೆಳ್ಳಗಿನ ನಾರು ಉಳಿಯುತ್ತದೆ. ಸಾವಿರ ಸಿಪ್ಪೆಗೆ ಸುಮಾರು 80 ಕಿಲೋ ನಾರು ಅಂತ ಲೆಕ್ಕ. ನೆರಳಲ್ಲಿ ಒಣಗಿಸಿ.

ಹೊಸೆಯುವುದು ಹೀಗೆ. ಎಡ ಅಂಗೈ ಮೇಲೆ ಎರಡು ಎಳೆ ಪಕ್ಕ ಪಕ್ಕ ಇಟ್ಟು ಬಲಗೈಯನ್ನು ಒತ್ತಿ ಮುಂದಕ್ಕೆ ನೂಕಬೇಕು, ಎರಡೂ ಬೇರೆ ಬೇರೆಯಾಗಿ ಬಿಗಿಯಾಗುತ್ತವೆ. ಕೈ ಹಿಂದಕ್ಕೆ ಎಳೆದಾಗ ಎರಡೂ ತಾವೇ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಎಳೆ ಮುಗಿಯುವ ನಾಲ್ಕು ಬೆರಳು ಮೊದಲೇ ಹೊಸ ನಾರು ಸೇರಿಸಿ, ಅದೂ ಒಮ್ಮೆಗೆ ಒಂದು ಎಳೆಗೆ ಮಾತ್ರ. ಎರಡಕ್ಕೂ ಒಂದೇ ಕಡೆ ಸೇರಿಸಿದರೆ ಹುರಿ ಅಲ್ಲೇ ತುಂಡಾಗುತ್ತದೆ.

ಇನ್ನು ದುಡ್ಡಿನ ಮಾತು. ಕಿಲೋ ಲೆಕ್ಕದಲ್ಲಿ ಮಾರಿದರೆ ಕೂಲಿಯೂ ಹುಟ್ಟುವುದಿಲ್ಲ, ಮಿಲ್ಲಿನ ಹಗ್ಗದ ಜೊತೆ ಸುಮ್ನೆ ಪೈಪೋಟಿ. ನಾನು ಮಾರು, ಅಂದರೆ ಎರಡೂ ಕೈ ಚಾಚಿದಷ್ಟು ಉದ್ದದ ಲೆಕ್ಕದಲ್ಲಿ ಶಿರಸಿ, ಸಿದ್ದಾಪುರದ ತೋಟದವರಿಗೆ ಕೊಡುತ್ತೇನೆ. ಕಾಳುಮೆಣಸಿನ ಬಳ್ಳಿಯನ್ನು ನೈಲಾನ್‌ನಲ್ಲಿ ಕಟ್ಟಿದರೆ ಬಳ್ಳಿ ದಪ್ಪಗಾದಂತೆ ಕೊರೆಯುತ್ತದೆ. ನಾರಿನ ಹುರಿ ಬೇರು ಮರಕ್ಕೆ ಕಚ್ಚಿಕೊಳ್ಳುವವರೆಗೆ ಹಿಡಿದು, ಆಮೇಲೆ ತಾನೇ ಲಡ್ಡಾಗಿ ಬೀಳುತ್ತದೆ. ಬಿಚ್ಚುವ ಕೆಲಸವೇ ಇಲ್ಲ.

ಹುರಿ ಹೊಸೆಯುವ ಮೋಟಾರ್ ರಾಟೆ ತಗೊಳ್ಳಿ, ಕೇಂದ್ರ ಸರ್ಕಾರದ ಕಯರ್ (ತೆಂಗಿನ ನಾರು) ಬೋರ್ಡ್ ತರಬೇತಿ ಕೊಡುತ್ತದೆ ಅಂತ ತುಂಬ ಜನ ಹೇಳುತ್ತಾರೆ. ನಾಲ್ಕಾರು ಹೆಂಗಸರು ಸೇರಿದರೆ ಖಂಡಿತ ಒಳ್ಳೆಯದು. ಆದರೆ ರಾಟೆಗೆ ದಿನಾ ನಾರು ಬೇಕು, ನಮ್ಮಲ್ಲಿ ಸಿಪ್ಪೆಯೇ ಸಿಗುವುದಿಲ್ಲ. ಊರು ತುಂಬ ತೆಂಗು, ಎಲ್ಲರ ಮನೆ ಸಿಪ್ಪೆ ಹೋಗುವುದು ಬಚ್ಚಲ ಒಲೆಗೆ. ಕೇಳಿದರೆ "ಸ್ನಾನಕ್ಕೆ ನೀರು ಕಾಯಿಸೋದು ಹೇಗೆ ಮಾರಾಯ್ತಿ" ಅನ್ನುತ್ತಾರೆ. ಅದಕ್ಕೇ ನಾನು ಸೌದೆ ಕೊಟ್ಟು ಸಿಪ್ಪೆ ತರುತ್ತೇನೆ.

ಉದುರಿದ ಹುಡಿ ಎಸೆಯಬೇಡಿ. ಅದರಲ್ಲಿ ಉಪ್ಪು ಇರುತ್ತದೆ, ಒಂದು ಮಳೆಗಾಲ ಹೊರಗೆ ಬಿದ್ದು ತೊಳೆದು ಹೋಗಲಿ. ಆಮೇಲೆ ಸಗಣಿ ಸೇರಿಸಿ ಕೊಳೆಸಿ ಗಿಡಕ್ಕೆ ಹಾಕಿ. ಹಾಗೇ ಹಾಕಿದರೆ ಎಲೆ ಹಳದಿಯಾಗುತ್ತದೆ.