ಕುರುಬ ನಿದ್ದಿ ಮಾಡ್ತಾನೇನಪ್ಪಾ?

ನಮ್ಮ ಮನೆಯಲ್ಲಿ ಸಂಜೆ ಏಳೂವರೆಗೆ ಪ್ರಾರ್ಥನೆ. ಮದುವೆಯಾದ ದಿನದಿಂದ ನಡೆದುಕೊಂಡು ಬಂದಿದೆ. ನಾನು ಧಾರವಾಡ ಸೀಮೆಯ ಒಂದು ಸಣ್ಣ ಊರಿನಲ್ಲಿ ಸಭಾಪಾಲಕ, ಅಂದರೆ ಚರ್ಚಿನ ಪಾಸ್ಟರ್. ಹೆಂಡತಿ ಶಾಲೆಯಲ್ಲಿ ಟೀಚರ್. ಮೂವರು ಮಕ್ಕಳು. ದೊಡ್ಡವಳಿಗೆ ಹನ್ನೊಂದು, ನಡುವಿನ ಮಗನಿಗೆ ಎಂಟು, ಸಣ್ಣವಳಿಗೆ ಈಗಷ್ಟೇ ಐದು ತುಂಬಿದೆ.

ಮೊದಲೆಲ್ಲ ಪ್ರಾರ್ಥನೆಯನ್ನು ಪೂರ್ತಿ ನಾನೇ ನಡೆಸುತ್ತಿದ್ದೆ. ಸತ್ಯವೇದದ, ಅಂದರೆ ಬೈಬಲ್‌ನ, ಒಂದು ಅಧ್ಯಾಯ ಓದಿ, ಅದನ್ನು ಬಿಡಿಸಿ ಹೇಳಿ, ಒಂದು ಕೀರ್ತನೆ ಹಾಡಿಸುತ್ತಿದ್ದೆ. ಆಮೇಲೆ ಸಭೆಯಲ್ಲಿ ಹುಷಾರಿಲ್ಲದವರು, ಪರೀಕ್ಷೆ ಬರೆಯುವವರು, ಮಳೆ ಬಾರದೆ ಬಿತ್ತನೆ ನಿಂತವರು, ಎಲ್ಲರ ಹೆಸರು ಹಿಡಿದು ಪ್ರಾರ್ಥನೆ. ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಅಷ್ಟರಲ್ಲಿ ಸಣ್ಣವಳು ಅಮ್ಮನ ತೊಡೆಯ ಮೇಲೆ ಮಲಗಿರುತ್ತಿದ್ದಳು. ಮಗ ನಾನು ಉಸಿರು ತೆಗೆದುಕೊಳ್ಳಲು ನಿಂತಾಗೆಲ್ಲ ಜೋರಾಗಿ "ಆಮೆನ್" ಅಂದುಬಿಡುತ್ತಿದ್ದ.

ಒಂದು ಸಂಜೆ ಹೆಂಡತಿ ರೊಟ್ಟಿ ಬಡಿಯುತ್ತಾ ಹೇಳಿದಳು, "ರೀ, ಭಾನುವಾರ ನೀವು ಇಡೀ ಸಭಿಗೆ ಅಯ್ಯನೋರು. ಅವತ್ತು ಮೂರೂ ಮಕ್ಕಳನ್ನ ಕಟ್ಟಿಕೊಂಡು ಮುಂದಿನ ಬೆಂಚಿನ್ಯಾಗ ನಾ ಒಬ್ಬಾಕಿನ ಕೂಡ್ತೀನಿ. ಮನಿಯೊಳಗರ ಅವಕ್ಕ ಅಪ್ಪ ಸಿಗಲಿ."

ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಮರುದಿನದಿಂದ ಪ್ರಾರ್ಥನೆಯ ಕ್ರಮ ಬದಲಿಸಿದೆವು. ಓದುವುದು ಐದಾರು ವಚನ ಮಾತ್ರ, ಅದನ್ನೂ ಮಕ್ಕಳೇ ಓದಬೇಕು. ಓದಲು ಬಾರದ ಸಣ್ಣವಳು ಹಾಡು ಆರಿಸುತ್ತಾಳೆ. ಆರಿಸುವುದು ದಿನಾ ಅದೇ ಹಾಡು, ಆದರೂ ಹಾಡುತ್ತೇವೆ. ಓದಿದ ಮೇಲೆ ನಾನು ವಿವರಣೆ ಕೊಡುವುದಿಲ್ಲ. ಮಕ್ಕಳು ಒಂದು ಪ್ರಶ್ನೆ ಕೇಳಬೇಕು. ಉತ್ತರ ಗೊತ್ತಿದ್ದರೆ ಅಲ್ಲೇ ಮಾತಾಡುತ್ತೇವೆ. ಗೊತ್ತಿಲ್ಲದಿದ್ದರೆ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇವೆ. ಆಮೇಲೆ ಪ್ರತಿಯೊಬ್ಬರೂ ಒಂದೊಂದು ವಾಕ್ಯದ ಪ್ರಾರ್ಥನೆ. ಕೊನೆಯ "ಆಮೆನ್" ಮಗನದ್ದು, ಅದನ್ನು ಅವನಿಗೇ ವಹಿಸಿಕೊಟ್ಟಿದ್ದೇವೆ. ಹದಿನೈದು ನಿಮಿಷಕ್ಕೆ ಮುಗಿಯುತ್ತದೆ. ಸಭೆಯ ಜನರ ಹೆಸರು ಹಿಡಿದು ಮಾಡುವ ಪ್ರಾರ್ಥನೆಯನ್ನು ನಾನು ಬೆಳಿಗ್ಗೆ ಐದಕ್ಕೆ ಎದ್ದು ಒಬ್ಬನೇ ಮಾಡುತ್ತೇನೆ. ಅದಕ್ಕೆ ಅದೇ ಒಳ್ಳೆಯ ಹೊತ್ತು.

ಕಷ್ಟವಾದದ್ದು ಬಾಗಿಲಿನದು. ಹೊಲದಿಂದ, ಕೆಲಸದಿಂದ ಜನ ಮನೆಗೆ ಬರುವುದೇ ಸಂಜೆ. ಸಭಾಪಾಲಕರ ಮನೆಗೂ ಆಗಲೇ ಬರುತ್ತಾರೆ. ಬೇಡ ಅನ್ನೋಕೆ ಆಗುತ್ತಾ? ಹಾಗಾಗಿ ಬಂದವರನ್ನೂ ಕೂಡಿಸಿಕೊಳ್ಳುತ್ತೇವೆ. ಒಮ್ಮೆ ಸಭೆಯ ಹಿರಿಯರೊಬ್ಬರು ಮಗನ ಮದುವೆ ಪ್ರಕಟಣೆಯ ವಿಷಯ ಮಾತಾಡಲು ಬಂದರು. ಪೇಟ ತೆಗೆದು ಮಗ್ಗುಲಿಗಿಟ್ಟು ಚಾಪೆಯ ಮೇಲೆ ಕೂತರು. ಅವರ ಸರದಿ ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ದೇವರ, ಬರೋ ಸೊಸಿ ನಮ್ಮನಿಯೊಳಗ ನಕ್ಕೋತ ಇರಲಿ" ಅಂದರು. ಸಭೆಯಲ್ಲಿ ಅವರು ಮಾಡುವ ಉದ್ದನೆಯ ಪ್ರಾರ್ಥನೆ ಎಷ್ಟೋ ಸಲ ಕೇಳಿದ್ದೇನೆ. ಇಷ್ಟು ಹತ್ತಿರದ್ದು ಕೇಳಿರಲಿಲ್ಲ.

ಕುರುಬನ ಸಂಗತಿ ಶುರುವಾದದ್ದೂ ಆ ನೋಟ್‌ಬುಕ್‌ನಿಂದಲೇ. ಇಪ್ಪತ್ತಮೂರನೆಯ ಕೀರ್ತನೆ ಓದುತ್ತಿದ್ದೆವು. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ನಮ್ಮ ಸತ್ಯವೇದದಲ್ಲಿ ನೇರವಾಗಿ ಕುರುಬ ಅಂತಲೇ ಇದೆ, ನನಗೆ ಅದು ತುಂಬಾ ಇಷ್ಟ. ಸಣ್ಣವಳು ಕೇಳಿದಳು, "ಕುರುಬ ರಾತ್ರಿ ನಿದ್ದಿ ಮಾಡ್ತಾನೇನಪ್ಪಾ?" ದೊಡ್ಡವಳು ತಟ್ಟನೆ ನೂರ ಇಪ್ಪತ್ತೊಂದನೆಯ ಕೀರ್ತನೆ ತೆಗೆದಳು. ಇಸ್ರಾಯೇಲ್ಯರನ್ನು ಕಾಯುವಾತನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಎಂದು ಅಲ್ಲಿದೆ. "ಎರಡೂ ಒಂದ ಅಲ್ಲೇನು? ಎರಡು ಸಲ ಯಾಕ ಹೇಳ್ಯಾರ?" ಅಂತ ಅವಳ ಪ್ರಶ್ನೆ. ನೋಟ್‌ಬುಕ್‌ನಲ್ಲಿ ಬರೆದುಕೊಂಡೆವು.

ಜೋಳದ ಕೊಯ್ಲು ಮುಗಿದ ಮೇಲೆ ನಮ್ಮ ಕಡೆ ಹೊಲಗಳಲ್ಲಿ ಕುರಿ ಕೂಡಿಸುತ್ತಾರೆ. ಕುರುಬರು ಮಂದೆ ಹೊಡೆದುಕೊಂಡು ಊರಿಂದೂರಿಗೆ ಬರುತ್ತಾರೆ. ರೈತರು ರಾತ್ರಿಗೆ ಇಷ್ಟು ಅಂತ ಕಾಳನ್ನೋ ದುಡ್ಡನ್ನೋ ಕೊಟ್ಟು ತಮ್ಮ ಹೊಲದಲ್ಲಿ ಮಂದೆ ತಂಗಿಸಿಕೊಳ್ಳುತ್ತಾರೆ. ಹಿಕ್ಕೆ ಗಂಜಳದಿಂದ ಎರೆಭೂಮಿಗೆ ಗೊಬ್ಬರವಾಗುತ್ತದೆ. ಆ ಸಲ ನಮ್ಮ ಸಭೆಯವರೊಬ್ಬರ ಹೊಲದಲ್ಲೇ ಮಂದೆ ಇತ್ತು. ಒಂದು ಸಂಜೆ ಮಕ್ಕಳನ್ನು ಬೈಕಿನಲ್ಲಿ ಎರಡು ಸಲಕ್ಕೆ ಸಾಗಿಸಿದೆ.

ಹೊತ್ತು ಮುಳುಗಿತ್ತು. ಮರಿಗಳನ್ನು ಬಲೆಯೊಳಗೆ ಬೇರೆ ಕೂಡಿದ್ದರು. ಮೇಯ್ದು ಬಂದ ತಾಯಿ ಕುರಿಗಳು ಬಲೆಯ ಹತ್ತಿರ ಬಂದು ಕೂಗಿದವು, ಒಳಗಿಂದ ಮರಿಗಳು ಕೂಗಿದವು. ನಮ್ಮ ಕಿವಿಗೆ ಎಲ್ಲವೂ ಒಂದೇ ಗದ್ದಲ. ಮರಿಗಳನ್ನು ಬಿಟ್ಟಾಗ ಒಂದೊಂದೂ ಓಡಿ ತನ್ನ ತಾಯಿಯನ್ನೇ ಹುಡುಕಿ, ಮೊಣಕಾಲೂರಿ ಹಾಲು ಕುಡಿಯತೊಡಗಿತು. ಬಾಲ ಪಟಪಟ ಅಲ್ಲಾಡುತ್ತಿತ್ತು. ಒಂದು ಮರಿಗೆ ಮಾತ್ರ ತಾಯಿ ಸಿಗಲಿಲ್ಲ. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಅಜ್ಜ ಅದನ್ನು ಎತ್ತಿಕೊಂಡು, ನೂರಾರು ಕುರಿಗಳ ನಡುವೆ ನೇರವಾಗಿ ಒಂದರ ಹತ್ತಿರ ಹೋಗಿ ಬಿಟ್ಟ. ನನ್ನ ಮಗ ಬಾಯಿ ತೆರೆದುಕೊಂಡು ನೋಡುತ್ತಿದ್ದ.

ಸಣ್ಣವಳು ತನ್ನ ಪ್ರಶ್ನೆ ಕೇಳಿಯೇಬಿಟ್ಟಳು. "ಅಜ್ಜಾ, ರಾತ್ರಿ ನೀ ನಿದ್ದಿ ಮಾಡ್ತಿಯೇನು?"

ಅಜ್ಜ ನಕ್ಕ. "ನಿದ್ದಿ ಮಾಡಿದ್ರ ತ್ವಾಳ ಬಿಡತೈತೇನವ್ವಾ? ನಿದ್ದಿ ಮಾಡಂಗಿಲ್ಲ. ಬೆಳಗಿನ ಜಾವಕ್ಕ ಕೋಲಿಗೆ ಗದ್ದ ಊರಿ ಒಂದೀಟ ತೂಕಡಿಸ್ತೀನಿ, ಅಷ್ಟ."

ದೊಡ್ಡವಳು ನನ್ನ ಅಂಗಿ ಜಗ್ಗಿದಳು. "ಅಪ್ಪಾ, ಎರಡೂ ಬ್ಯಾರೆ ಬ್ಯಾರೆ! ಅಜ್ಜ ತೂಕಡಿಸ್ತಾನ. ದೇವರು ತೂಕಡಿಸೂದೂ ಇಲ್ಲ."

1853ರಲ್ಲಿ ಬಾಸೆಲ್ ಮಿಷನ್‌ನಿಂದ ಭಾರತಕ್ಕೆ ಬಂದ ಕಿಟೆಲ್ ಅಯ್ಯನವರು 1894ರಲ್ಲಿ ಕೊಟ್ಟ ಕನ್ನಡ ನಿಘಂಟು ನಮ್ಮ ಮನೆಯ ಕಪಾಟಿನಲ್ಲಿದೆ. ಪದದ ಅರ್ಥ ಬೇಕಾದರೆ ನಾನು ಮೊದಲು ತೆಗೆಯುವುದು ಅದನ್ನೇ. ಆದರೆ ಈ ಎರಡು ಪದಗಳ ನಡುವಿನ ದೂರ ನನಗೆ ಸರಿಯಾಗಿ ಕಂಡದ್ದು ಆ ಅಜ್ಜನ ಕೋಲಿನ ತುದಿಯಲ್ಲಿ. ಕೀರ್ತನೆ ಬರೆದವರು ಕುರಿ ಕಾಯುವವರನ್ನು ಹತ್ತಿರದಿಂದ ಕಂಡವರೇ ಇರಬೇಕು, ಅಲ್ವಾ?

ಆ ಭಾನುವಾರದ ಪ್ರಸಂಗಕ್ಕೆ ನಾನು ಬೇರೆ ಏನನ್ನೂ ತಯಾರಿ ಮಾಡಲಿಲ್ಲ. ಹೊಲದಲ್ಲಿ ಕಂಡದ್ದನ್ನು ಹೇಳಿದೆ, ಎರಡು ಕೀರ್ತನೆ ಓದಿದೆ. ಆರಾಧನೆ ಮುಗಿದ ಮೇಲೆ, ಗಂಡನಿಗೆ ಲಕ್ವ ಹೊಡೆದು ತಿಂಗಳುಗಟ್ಟಲೆ ಆರೈಕೆ ಮಾಡುತ್ತಿದ್ದ ತಾಯಿಯೊಬ್ಬರು ನನ್ನ ಕೈ ಹಿಡಿದು, "ಅಯ್ಯನೋರ, ನಾನೂ ಕುಂತಲ್ಲೇ ತೂಕಡಿಸ್ತೀನ್ರಿ. ಇವತ್ತ ಸಮಾಧಾನ ಆತು" ಅಂದರು.

ಈಗ ಮನೆ ಪ್ರಾರ್ಥನೆಗೆ ಹೋದಲ್ಲೂ ಇದನ್ನೇ ಮಾಡುತ್ತೇನೆ. ಮೊದಲು ನಾನು ಹೋದ ಕೂಡಲೇ "ಅಯ್ಯನೋರು ಬಂದಾರ, ಗದ್ದಲ ಮಾಡಬ್ಯಾಡ್ರಿ" ಅಂತ ಮಕ್ಕಳನ್ನು ಒಳಗೆ ಕಳಿಸುತ್ತಿದ್ದರು. ಈಗ ಸತ್ಯವೇದವನ್ನು ಆ ಮನೆಯ ಮಗುವಿನ ಕೈಗೆ ಕೊಡುತ್ತೇನೆ. ತಡವರಿಸಿದರೆ ಕಾಯುತ್ತೇನೆ. ಕೀರ್ತನೆಯನ್ನು ಮನೆಯ ಅಜ್ಜಿಗೆ ಬಿಡುತ್ತೇನೆ. ಅಕ್ಷರ ಬಾರದ ಅಜ್ಜಿಯರಿಗೂ ಎಲ್ಲ ಚರಣಗಳು ಬಾಯಿಪಾಠ. ಹೊಸದಾಗಿ ಸೇವೆಗೆ ಬಂದ ತಮ್ಮಂದಿರು ಕೇಳಿದರೆ ನಾನು ಇದೊಂದನ್ನು ಖಂಡಿತ ಹೇಳುತ್ತೇನೆ. ಹತ್ತು ನಿಮಿಷ ಜಾಸ್ತಿ ಹಿಡಿದರೂ ಪರವಾಗಿಲ್ಲ, ಓದುವುದನ್ನು ಮಗುವಿಗೆ ಬಿಡಿ.

ಸೋಮವಾರ ಮಾತ್ರ ನಮ್ಮದು. ಅವತ್ತು ಸಾವು ನೋವು ಬಿಟ್ಟರೆ ಬೇರೆ ಕೆಲಸ ಒಪ್ಪಿಕೊಳ್ಳುವುದಿಲ್ಲ. ಸಭೆಯವರೂ ಅರ್ಥ ಮಾಡಿಕೊಂಡಿದ್ದಾರೆ. ಸಂಜೆ ಗಿರ್ಮಿಟ್ ಮಾಡುವುದು ನಾನು, ಉಳ್ಳಾಗಡ್ಡಿ ಹೆಚ್ಚುವುದು ಮಗ, ಮೇಲೆ ಶೇವು ಉದುರಿಸುವುದು ಸಣ್ಣವಳು. ಹೆಂಡತಿ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾಳೆ. ಪ್ರಾರ್ಥನೆ ಅವತ್ತು ಅಂಗಳದಲ್ಲೇ.

ಕಳೆದ ಸೋಮವಾರ ಜೋರು ಗಾಳಿ ಎದ್ದು ಕರೆಂಟ್ ಹೋಯಿತು. ಒಳಗೆ ಬಂದು ಮೇಣದಬತ್ತಿ ಹಚ್ಚಿ ಕೂತೆವು. ಸಣ್ಣವಳ ಸರದಿ. "ದೇವರ, ನೀ ಎಚ್ಚರ ಇರ್ತಿ. ನಾ ಮಲಗ್ತೀನಿ." ಮಗ "ಆಮೆನ್" ಅಂದ. ಅಂದವನೇ ನೋಟ್‌ಬುಕ್ ಎಳೆದುಕೊಂಡ. ಕುರುಬ ಅಜ್ಜನ ಹತ್ತಿರ ಎರಡು ನಾಯಿಗಳಿದ್ದವಂತೆ, ಕೀರ್ತನೆಯಲ್ಲಿ ಕೋಲಿದೆ, ದೊಣ್ಣೆಯಿದೆ, ನಾಯಿ ಯಾಕಿಲ್ಲ ಅಂತ ಬರೆದ.

ಮೂರು ದಿನ ಹುಡುಕಿದೆ. ಯೋಬನ ಪುಸ್ತಕದ ಮೂವತ್ತನೆಯ ಅಧ್ಯಾಯ, ಮೊದಲನೆಯ ವಚನದಲ್ಲಿ ಮಂದೆ ಕಾಯುವ ನಾಯಿಗಳಿವೆ. ಇವತ್ತು ಏಳೂವರೆಗೆ ಅವನ ಕೈಯಿಂದಲೇ ಓದಿಸಬೇಕು.