ಇಲಿ ಬೇಕೋ, ಮೊಲ ಬೇಕೋ? ಕಣ್ಣಿನ ವೈರಸ್ ಪ್ರಯೋಗಕ್ಕೆ ಹೊರಟವರಿಗೆ

ನಾನು ಧಾರವಾಡದಲ್ಲಿ ಪಶುವೈದ್ಯೆ. ಪ್ರಯೋಗದ ಪ್ರಾಣಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಪಿಎಚ್‌ಡಿ ಹುಡುಗರು ಬಂದವರೇ ಕೇಳುವುದು, "ಮೇಡಮ್ಮಾರ, ಇಲಿ ಎಷ್ಟು ಸಿಗ್ತಾವ್ರಿ?" ನಿಮ್ಮ ಪ್ರಶ್ನೆ ಏನು ಅಂತ ನಾನು ತಿರುಗಿ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಪ್ರಾಣಿ ಯಾವುದು ಅಂತ ಹೇಳಬೇಕಾದದ್ದು ಆ ಪ್ರಶ್ನೆಯೇ ಅಲ್ವಾ?

ಹರ್ಪಿಸ್ ಸಿಂಪ್ಲೆಕ್ಸ್-1 ವೈರಸ್ ತಗೊಳ್ಳಿ. ಅದು ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪರೆಗೆ, ಹುಣ್ಣು ಮಾಡಿ, ಆಮೇಲೆ ಮುಖದ ಸ್ಪರ್ಶ ತಿಳಿಸುವ ಟ್ರೈಜೆಮಿನಲ್ ನರದ ಗಂಟಿನಲ್ಲಿ ಅಡಗಿ ಕೂರುತ್ತದೆ. ಮೈಯ ರೋಗನಿರೋಧಕ ಶಕ್ತಿ ಅದರ ಜೊತೆ ಹೇಗೆ ಹೋರಾಡುತ್ತದೆ ಅಂತ ತಿಳಿಯಬೇಕಾದರೆ ಇಲಿ ಸಾಕು. ಅದರಲ್ಲೂ ತಳಿ ನೋಡಿ. ಬಾಲ್ಬ್-ಸಿ ಬಿಳಿ ಇಲಿಗೆ ರೋಗ ಬೇಗ ಹತ್ತುತ್ತದೆ, ಕಪ್ಪು ಸಿ57 ಬ್ಲ್ಯಾಕ್-6 ಜಾಸ್ತಿ ತಡೆದುಕೊಳ್ಳುತ್ತದೆ. ಅಡಗಿದ ವೈರಸ್ ಮತ್ತೆ ಏಳುವುದು ನಿಮ್ಮ ವಿಷಯವಾದರೆ ಮೊಲವೇ ಬೇಕು. ಮೊಲದಲ್ಲಿ ಅದು ತಾನಾಗಿಯೇ ಎದ್ದು ಕಣ್ಣೀರಿನಲ್ಲಿ ಕಾಣಿಸಿಕೊಳ್ಳುತ್ತದೆ. ಇಲಿಯಲ್ಲಿ ಸಾಮಾನ್ಯವಾಗಿ ಯುವಿ ಬೆಳಕು ಅಥವಾ ಬಿಸಿ ಕೊಟ್ಟು ಎಬ್ಬಿಸಬೇಕು. ಕಣ್ಣಿಗೆ ಹಾಕುವ ಔಷಧದ ಪರೀಕ್ಷೆಗೂ ಮೊಲದ ದೊಡ್ಡ ಕಣ್ಣು ಅನುಕೂಲ. 1962ರಲ್ಲಿ ಕಣ್ಣಿನ ವೈದ್ಯ ಹರ್ಬರ್ಟ್ ಕೌಫ್‌ಮನ್ ಹರ್ಪಿಸ್‌ಗೆ ಐಡಾಕ್ಸ್‌ಯುರಿಡಿನ್ ಎಂಬ ಔಷಧದ ಹನಿಯನ್ನು ಮೊದಲು ನೋಡಿದ್ದೂ ಮೊಲದ ಕಣ್ಣಲ್ಲೇ.

ಮದ್ರಾಸ್ ಐ ತರುವ ಅಡಿನೋವೈರಸ್ ಬೇರೆ ಕಥೆ. ಮನುಷ್ಯರ ಅಡಿನೋ ಇಲಿಯಲ್ಲಿ ಸರಿಯಾಗಿ ಬೆಳೆಯುವುದಿಲ್ಲ. ಟೈಪ್ 5 ನ್ಯೂಜಿಲೆಂಡ್ ಬಿಳಿ ಮೊಲದ ಕಣ್ಣಲ್ಲಿ ಬೆಳೆಯುತ್ತದೆ.

ಎಥಿಕ್ಸ್ ಕಮಿಟಿ, ಬಯೋಸೇಫ್ಟಿ ಕಮಿಟಿ ಎರಡೂ ಒಪ್ಪುವ ತನಕ ಪ್ರಾಣಿ ತರಿಸಬೇಡಿ. ಹರ್ಪಿಸ್‌ಗೆ ಬಿಎಸ್‌ಎಲ್-2, ಅಂದರೆ ಜೈವಿಕ ಸುರಕ್ಷತೆಯ ಎರಡನೇ ಹಂತದ ಲ್ಯಾಬ್ ಬೇಕು.

ಇನ್ನು ಕಣ್ಣು ನೋಡುವುದು. ಮೊಲವನ್ನು ಟವೆಲ್‌ನಲ್ಲಿ ಬಿಗಿಯಾಗಿ ಸುತ್ತಿ, ಹಿಂಗಾಲಿಗೆ ಆಸರೆ ಕೊಡಿ. ಹೆದರಿ ಒದ್ದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುತ್ತದೆ. ಹರ್ಪಿಸ್‌ನಲ್ಲಿ ಕಾರ್ನಿಯಾದ ಸ್ಪರ್ಶ ಕುಗ್ಗುವುದುಂಟು. ಅದಕ್ಕೇ ಮೊದಲು ಹತ್ತಿಯ ಎಳೆ ತಾಗಿಸಿ ರೆಪ್ಪೆ ಮಿಟುಕುತ್ತದೆಯೇ ನೋಡಿ. ಮರಗಟ್ಟಿಸುವ ಹನಿ ಹಾಕಿದ ಮೇಲೆ ಇದನ್ನು ನೋಡಿ ಏನೂ ಪ್ರಯೋಜನವಿಲ್ಲ. ಆಮೇಲೆ ಫ್ಲೋರೆಸಿನ್ ಬಣ್ಣ ಹಾಕಿ, ಕಣ್ಣು ಪರೀಕ್ಷಿಸುವ ಸ್ಲಿಟ್ ಲ್ಯಾಂಪಿನ ನೀಲಿ ಬೆಳಕು ಬಿಡಿ. ಹುಣ್ಣು ಹಸಿರಾಗಿ ಹೊಳೆಯುತ್ತದೆ: ಕವಲೊಡೆದ ಸಣ್ಣ ಗೆರೆ, ತುದಿಯಲ್ಲಿ ಗುಂಡಗೆ ಉಬ್ಬು. ಹುಣ್ಣು ಎಷ್ಟಿದೆ ಅಂತ ಅಂಕ ಕೊಡುವವರಿಗೆ ಯಾವ ಪ್ರಾಣಿಗೆ ಔಷಧ ಹೋಗಿದೆ ಅಂತ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ಸುಮ್ನೆ ಬೇಕಾದದ್ದನ್ನೇ ನೋಡುತ್ತದೆ.

ಒಂದೇ ಕಣ್ಣಿಗೆ ಸೋಂಕು ಕೊಡಿ. ಎರಡೂ ಕಣ್ಣು ಕೆಟ್ಟರೆ ಪ್ರಾಣಿ ಕುರುಡಾದೀತು. ಮೇಲಾಗಿ ಒಂದೇ ಪ್ರಾಣಿಯ ಎರಡು ಕಣ್ಣನ್ನು ಎರಡು ಪ್ರಾಣಿ ಅಂತ ಲೆಕ್ಕ ಹಾಕುವಂತಿಲ್ಲ.

ನಮ್ಮ ಏಪ್ರಿಲ್ ಬಿಸಿಲು ಮೊಲಕ್ಕೆ ಆಗಿಬರುವುದಿಲ್ಲ. ಕರೆಂಟ್ ಹೋಗಿ ಎಸಿ ನಿಂತರೆ ಬರುವ ಒತ್ತಡಕ್ಕೇ ವೈರಸ್ ಎದ್ದೀತು, ನೀವು ಔಷಧ ಕೆಲಸ ಮಾಡಲಿಲ್ಲ ಅಂತ ಬರೆದುಬಿಡುತ್ತೀರಿ. ಕೋಣೆಯ ತಾಪಮಾನ ದಿನಾ ಬರೆದಿಡಿ. ಸಾಧ್ಯವಾದರೆ ಮಳೆಗಾಲದಲ್ಲೇ ಶುರು ಮಾಡಿ.

ಇಲಿಯಲ್ಲಿ ಹರ್ಪಿಸ್ ಮಿದುಳಿಗೂ ಏರಬಹುದು. ದಿನಾ ತೂಕ ನೋಡಿ. ಬೆನ್ನು ಗೂನು ಮಾಡಿ ಮೂಲೆ ಹಿಡಿದಿದೆಯೇ, ಮೇವು ಬಿಟ್ಟಿದೆಯೇ ಗಮನಿಸಿ. ಯಾವ ಹಂತಕ್ಕೆ ಬಂದರೆ ಆ ಪ್ರಾಣಿಗೆ ನೋವಿಲ್ಲದ ಸಾವು ಕೊಡುತ್ತೀರಿ ಅಂತ ಅರ್ಜಿಯಲ್ಲಿ ಮೊದಲೇ ಬರೆಯಿರಿ. "ಆಗ ನೋಡೋಣ" ಅಂತ ಬರೆದು ತಂದರೆ ನಾನು ಸಹಿ ಹಾಕುವುದಿಲ್ಲ.