ಯಾವ ಟ್ವೀಟರ್ ತರೋಣ? ಕಲ್ಲಿನ ನೆಲದ ಪಡಸಾಲೆಗೆ ಒಂದು ಲೆಕ್ಕಾಚಾರ

ಟ್ವೀಟರ್ ಅಂದರೆ ಸ್ಪೀಕರ್ ಬಾಕ್ಸಿನಲ್ಲಿ ತೆಳು, ಚೂಪು ದನಿ ನುಡಿಸುವ ಸಣ್ಣ ಸ್ಪೀಕರ್. ಬಳ್ಳಾರಿ, ರಾಯಚೂರು ಕಡೆ ಟ್ವೀಟರ್ ಅಂದ ಕೂಡಲೇ ಕಣ್ಣಿಗೆ ಬರುವುದು ಟ್ರ್ಯಾಕ್ಟರ್ ಮೇಲೆ ಕೂತ ಹಾರ್ನ್. ಹೊಲದಲ್ಲಿ ಇಂಜಿನ್ ಸದ್ದು ದಾಟಿ ಹಾಡು ಕೇಳಿಸಬೇಕಲ್ಲ, ಅದಕ್ಕೆ ಅದೇ ಸರಿ. ಅದನ್ನೇ ತಂದು ಹತ್ತು ಅಡಿ ಅಗಲದ ಪಡಸಾಲೆಯಲ್ಲಿ ಹಾಕಿದರೆ ಅರ್ಧ ಗಂಟೆಗೆ ತಲೆ ಚಿಟ್ಟು ಹಿಡಿಯುತ್ತದೆ. ಚೀರುವುದನ್ನೇ ಕ್ಲಿಯರ್ ಅಂದುಕೊಂಡು ದುಡ್ಡು ಕೊಡುವವರು ಜಾಸ್ತಿ. ಮನೆಗೆ ಬೇಕಾದ್ದು ಬೇರೆ.

ಬಾಕ್ಸಿನಲ್ಲಿ ಸುಮಾರು 2,000–3,000 ಹರ್ಟ್ಸ್‌ನಿಂದ (ಸೆಕೆಂಡಿಗೆ ಅಷ್ಟು ಸಲ ಕಂಪಿಸುವ ದನಿ) ಮೇಲಿನ ದನಿಯೆಲ್ಲ ಟ್ವೀಟರ್ ಪಾಲು. ಭಜನೆಯ ತಾಳ, ತಬಲಾದ ಅಂಚಿನ ಪೆಟ್ಟು, ಹಾಡುವವರ ಸ, ಶ, ಚ ಎಲ್ಲ ಚೊಕ್ಕಟವಾಗಿ ಬರುವುದು ಇದರಿಂದಲೇ.

ಮೊದಲು ಕೋಣೆ ನೋಡಿ

ಖಾಲಿ ಪಡಸಾಲೆಯ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಚಪ್ಪಾಳೆ ನಿಂತ ಮೇಲೂ ಸಣ್ಣಗೆ ಝಣ್ ಅಂದರೆ ನಿಮ್ಮ ಕೋಣೆ ಮೇಲಿನ ದನಿಯನ್ನು ಹಾಗೇ ವಾಪಸ್ ಎಸೆಯುತ್ತಿದೆ ಎಂದರ್ಥ. ಶಹಾಬಾದ್ ಕಲ್ಲು ಅಥವಾ ಕಡಪ ಕಲ್ಲಿನ ನೆಲ, ಸಿಮೆಂಟ್ ಗೋಡೆ, ಮೇಲೆ ಆರ್‌ಸಿಸಿ ಇದ್ದಲ್ಲಿ ಹೀಗಾಗುವುದು ಸಹಜ. ನೆಲಕ್ಕೆ ಜಮಖಾನ ಹಾಸಿ, ಎದುರಿನ ಗೋಡೆಗೆ ದಪ್ಪನೆಯ ಕೌದಿ ತೂಗುಬಿಟ್ಟು ಮತ್ತೆ ಚಪ್ಪಾಳೆ ಹೊಡೆಯಿರಿ. ವ್ಯತ್ಯಾಸ ನಿಮಗೇ ಕೇಳಿಸುತ್ತದೆ. ದುಬಾರಿ ಟ್ವೀಟರ್‌ಗಿಂತ ಮೊದಲು ಮಾಡಬೇಕಾದ ಖರ್ಚು ಇದು, ಅದೂ ಮನೆಯಲ್ಲೇ ಕೌದಿ ಇದ್ದರೆ ಪುಕ್ಕಟೆ.

ಬಗೆಗಳು

ರೇಷ್ಮೆ ಅಥವಾ ಬಟ್ಟೆಯ ಡೋಮ್: ಡೋಮ್ ಅಂದರೆ ನಡುಗಿ ದನಿ ಹೊರಡಿಸುವ ಗುಮ್ಮಟದಂಥ ಪೊರೆ, ಸಾಮಾನ್ಯವಾಗಿ ಒಂದು ಇಂಚು. ಬಟ್ಟೆಗೆ ಲೇಪ ಹಾಕಿರುತ್ತಾರೆ. ಬಟ್ಟೆ ತನ್ನ ನಡುಕವನ್ನು ತಾನೇ ನುಂಗಿಕೊಳ್ಳುವುದರಿಂದ ದನಿ ಚುಚ್ಚುವುದಿಲ್ಲ. ನಮ್ಮ ಕಲ್ಲಿನ ಕೋಣೆಗಳಿಗೆ ನನ್ನ ಮೊದಲ ಆಯ್ಕೆ ಇದೇ.

ಲೋಹದ ಡೋಮ್: ಅಲ್ಯೂಮಿನಿಯಂ ಅಥವಾ ಟೈಟಾನಿಯಂ. ಗಟ್ಟಿ ಇರುವುದರಿಂದ ವಿವರ ಚೆನ್ನಾಗಿ ಬರುತ್ತದೆ. ಆದರೆ ಒಂದು ಹಂತದಲ್ಲಿ ಲೋಹ ತಾನೇ ಝೇಂಕರಿಸುತ್ತದೆ. ಒಳ್ಳೆಯದರಲ್ಲಿ ಅದು 20,000 ಹರ್ಟ್ಸ್ ಮೇಲೆ, ಅಂದರೆ ಕಿವಿಯ ಆಚೆ ಇರುತ್ತದೆ. ಅಗ್ಗದ್ದರಲ್ಲಿ ಕಿವಿಯೊಳಗೇ ಬಂದು ಕೂರುತ್ತದೆ.

ಪೀಜೋ: ಇದರಲ್ಲಿ ಕಾಯಿಲೂ (ತಂತಿಯ ಸುರುಳಿ) ಇಲ್ಲ, ಮ್ಯಾಗ್ನೆಟ್ಟೂ ಇಲ್ಲ. ಕರೆಂಟ್ ಕೊಟ್ಟರೆ ಬಾಗುವ ಒಂದು ಬಿಲ್ಲೆ, ಅಷ್ಟೇ. ಅಗ್ಗ, ಗಟ್ಟಿಮುಟ್ಟು, ದನಿ ಒರಟು. ಮನೆಗೆ ಬೇಡ.

ಹಾರ್ನ್: ಕಡಿಮೆ ವ್ಯಾಟ್‌ಗೆ ದೊಡ್ಡ ದನಿ. ದನಿಯನ್ನು ಒಂದೇ ದಿಕ್ಕಿಗೆ ಎಸೆಯುತ್ತದೆ. ದೊಡ್ಡ ಹಾಲ್ ಇದ್ದರೆ, ಒಳ್ಳೆಯ ಕಂಪನಿಯದ್ದಾದರೆ ನೋಡಬಹುದು.

ರಿಬ್ಬನ್: ಎರಡು ಮ್ಯಾಗ್ನೆಟ್ ನಡುವೆ ತೆಳ್ಳನೆಯ ಅಲ್ಯೂಮಿನಿಯಂ ಪಟ್ಟಿ. ತಾಳದ ದನಿ ಇದರಲ್ಲಿ ಕೇಳಿದರೆ ಬೇರೆಯದು ರುಚಿಸುವುದು ಕಷ್ಟ. ಆದರೆ ನಾಜೂಕು, ದುಬಾರಿ. ನೀವು ನಿಂತು ಕೇಳಿದರೆ ಒಂದು ದನಿ, ಕೂತು ಕೇಳಿದರೆ ಒಂದು ದನಿ. ಇದರ ಸೋದರಸಂಬಂಧಿ ಮಡಿಕೆ ಹಾಳೆಯ ಎಎಂಟಿ (ಏರ್ ಮೋಷನ್ ಟ್ರಾನ್ಸ್‌ಫಾರ್ಮರ್). ಆಸ್ಕರ್ ಹೈಲ್ ಎಂಬ ಜರ್ಮನ್ ವಿಜ್ಞಾನಿಯ ಕೈಚಳಕ, 1970ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಮಡಿಕೆಗಳು ಗಾಳಿಯನ್ನು ಹಿಂಡಿ ಹೊರಹಾಕುತ್ತವೆ.

ಕಬ್ಬಿಣದ ಗಣಿ, ಉಕ್ಕಿನ ಕಾರ್ಖಾನೆ ಇರುವ ಸಂಡೂರು, ತೋರಣಗಲ್ಲು ಕಡೆಯವರು ರಿಬ್ಬನ್ ತರುವ ಮುಂಚೆ ಒಂದು ಪರೀಕ್ಷೆ ಮಾಡಿ. ಹಳೆಯ ಮ್ಯಾಗ್ನೆಟ್ಟಿಗೆ ಹಾಳೆ ಸುತ್ತಿ ಕಿಟಕಿಯ ಧೂಳಿನಲ್ಲಿ ಎಳೆಯಿರಿ. ಹಾಳೆಯ ಮೇಲೆ ಕಪ್ಪು ಕಣಗಳು ನೆಟ್ಟಗೆ ನಿಂತರೆ, ಅದು ಕಬ್ಬಿಣದ ಧೂಳು. ರಿಬ್ಬನ್ನಿನ ಬಾಯಿ ತೆರೆದೇ ಇರುತ್ತದೆ, ಮ್ಯಾಗ್ನೆಟ್ ಬಲು ಜೋರು. ಕಣಗಳು ಒಳಗೆ ಸೇರಿದರೆ ಪಟ್ಟಿಗೆ ತಾಗಿ ಕರಕರ ಅನ್ನುತ್ತದೆ. ಅಂಥ ಮನೆಗೆ ಮುಚ್ಚಿದ ಡೋಮೇ ವಾಸಿ, ಅದಕ್ಕೂ ಮುಂದೆ ಬಟ್ಟೆಯ ಗ್ರಿಲ್ ಇರಲಿ.

ಹೋಲಿಸುವುದು ಹೀಗೆ

ಒಂದೇ ಬಾಕ್ಸ್ ಜೋಡಿ. ಎಡಕ್ಕೆ ಒಂದು ಬಗೆ, ಬಲಕ್ಕೆ ಇನ್ನೊಂದು. ಆಂಪ್ಲಿಫೈಯರ್ ಮೋನೋದಲ್ಲಿಟ್ಟು ಬ್ಯಾಲೆನ್ಸ್ ತಿರುಗಿಸುತ್ತಾ ಕೇಳಿ. ಒಂದು ಎಚ್ಚರಿಕೆ: ದನಿ ಜಾಸ್ತಿ ಇರುವುದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತದೆ. ಡಬ್ಬದ ಮೇಲಿನ ಡಿಬಿ (ಡೆಸಿಬೆಲ್, ದನಿಯ ಜೋರಿನ ಅಳತೆ) ಅಂಕಿ ನೋಡಿ. 8 ಓಮ್ಸ್ ಟ್ವೀಟರ್ ಇನ್ನೊಂದಕ್ಕಿಂತ 6 ಡಿಬಿ ಜಾಸ್ತಿ ಇದ್ದರೆ, ಅದರ ಎರಡು ತುದಿಗೆ ಅಡ್ಡವಾಗಿ (ಪ್ಯಾರಲಲ್) 8 ಓಮ್ಸ್, ಆ ಜೋಡಿಯ ಮುಂದೆ ಸಾಲಿನಲ್ಲಿ (ಸೀರೀಸ್) 4 ಓಮ್ಸ್ ರೆಸಿಸ್ಟರ್ ಹಾಕಿ. ಎರಡೂ 10 ವ್ಯಾಟಿನವು ಇರಲಿ. ದನಿ ಸಮ ಆಗುತ್ತದೆ.

ಕೇಳಲು ಡಿಜೆ ಹಾಡು ಬೇಡ. ವಚನ ಗಾಯನ, ತತ್ವಪದ, ಸುಮ್ನೆ ಮಾತು ಸಾಕು. ಸ ಅಕ್ಷರ ಸ್ಸ್ ಅಂತ ಸೀಟಿ ಹೊಡೆದರೆ ಅದು ಬೇಡ. ರಾಯಚೂರು ಆಕಾಶವಾಣಿಯ ವಾರ್ತೆ ಇದಕ್ಕೆ ಒಳ್ಳೆಯದು. ಆದರೆ ಎಫ್‌ಎಂ ದನಿ 15,000 ಹರ್ಟ್ಸ್‌ಗೇ ನಿಲ್ಲುತ್ತದೆ, ತೀರಾ ಮೇಲಿನದನ್ನು ಅದರಲ್ಲಿ ಅಳೆಯಬೇಡಿ. ಡಬ್ಬದ ಮೇಲೆ 40,000 ಹರ್ಟ್ಸ್ ಅಂತ ಬರೆದಿದ್ದರೂ ಮರುಳಾಗಬೇಡಿ. ಐವತ್ತು ದಾಟಿದವರಿಗೆ 15,000 ಕೇಳಿಸಿದರೇ ದೊಡ್ಡದು.

ವೈರಿಂಗ್

ಡೋಮ್‌ಗೆ ಕೆಪಾಸಿಟರ್ ಇಲ್ಲದೆ ಕರೆಂಟ್ ಕೊಟ್ಟರೆ ಕೆಳಗಿನ ದನಿಯೂ ನುಗ್ಗಿ ಕಾಯಿಲ್ ಸುಡುತ್ತದೆ. ಒಂದೇ ಕೆಪಾಸಿಟರ್ ಹಾಕುವುದಾದರೆ ನಾನ್-ಪೋಲಾರ್ (ಪ್ಲಸ್-ಮೈನಸ್ ಭೇದ ಇಲ್ಲದ್ದು) ಕೇಳಿ ತನ್ನಿ. 8 ಓಮ್ಸ್‌ಗೆ 4.7 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 4,200 ಹರ್ಟ್ಸ್‌ಗೆ ಕಟ್ ಆಗುತ್ತದೆ, ಅಂದರೆ ಅದಕ್ಕಿಂತ ಕೆಳಗಿನ ದನಿ ಕ್ರಮೇಣ ತಗ್ಗುತ್ತದೆ. 6.8 ಹಾಕಿದರೆ 2,900ಕ್ಕೆ ಇಳಿಯುತ್ತದೆ. ದನಿ ತುಂಬಿಕೊಂಡಂತೆ ಕೇಳುತ್ತದೆ, ಹಾಗಂತ ವಾಲ್ಯೂಮ್ ಏರಿಸಿದಿರೋ, ಸಣ್ಣ ಡೋಮ್ ತಡೆಯದು. ಟ್ವೀಟರ್ ಸಾಯುವುದು ಹೆಚ್ಚು ವ್ಯಾಟಿನ ಆಂಪ್ಲಿಫೈಯರ್‌ನಿಂದಲೇ ಅಲ್ಲ. ಸಣ್ಣ ಆಂಪ್ಲಿಫೈಯರನ್ನು ಒಡೆದ ದನಿ ಬರುವಷ್ಟು ಏರಿಸಿದರೂ ಅದೇ ಗತಿ.

ಕೂತಾಗ ಕಿವಿ ಎಷ್ಟು ಎತ್ತರದಲ್ಲಿ ಇರುತ್ತದೋ ಟ್ವೀಟರ್ ಅಷ್ಟೇ ಎತ್ತರಕ್ಕೆ ಬರಲಿ. ಪಶ್ಚಿಮದ ಗೋಡೆಗೆ ತಾಗಿಸಿ ಇಡಬೇಡಿ. ಕೆಲವು ಡೋಮ್‌ಗಳಲ್ಲಿ ಕಾಯಿಲ್ ತಣ್ಣಗಿಡಲು ಫೆರೋಫ್ಲುಯಿಡ್ ಎಂಬ ಎಣ್ಣೆಯಂಥ ದ್ರವ ಇರುತ್ತದೆ. ವರ್ಷಗಟ್ಟಲೆ ಕಾವು ತಿಂದರೆ ಅದು ಗಟ್ಟಿಯಾಗಿ ದನಿ ಮಂಕಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಆ ಗೋಡೆ ಸಂಜೆಗೂ ಆರುವುದಿಲ್ಲ, ಅಲ್ವಾ?

ಹಳೆಯ ಟ್ವೀಟರ್ ಇದ್ದರೆ ಎಸೆಯುವ ಮುಂಚೆ ಮಲ್ಟಿಮೀಟರ್ ಇಟ್ಟು ನೋಡಿ. 8 ಓಮ್ಸ್‌ನದ್ದು ಆರರ ಆಸುಪಾಸು ತೋರಿಸಿದರೆ ಕಾಯಿಲ್ ಸರಿ ಇದೆ. ಏನೂ ತೋರಿಸದಿದ್ದರೆ ಕಾಯಿಲ್ ಹೋಗಿದೆ. ಪೀಜೋ ಮಾತ್ರ ಸರಿ ಇದ್ದರೂ ಮೀಟರ್‌ನಲ್ಲಿ ಏನೂ ತೋರಿಸುವುದಿಲ್ಲ.